ಮಗನಿಗೂ ಮಗ್ಗಕ್ಕೂ ನಡುವೆ ಒಂದು ಒತ್ತು

‘ಮಗ’ ಎಂದು ಬರೆದು, ‘ಗ’ದ ಕೆಳಗೆ ಇನ್ನೊಂದು ಪುಟ್ಟ ‘ಗ’ ಇಟ್ಟರೆ ‘ಮಗ್ಗ’ವಾಗುತ್ತದೆ. ರೇಷ್ಮೆ ಸೀರೆಗೆ ಹೆಸರಾದ ಮೊಳಕಾಲ್ಮೂರಿನಲ್ಲಿ ಎರಡೂ ಮನೆಯೊಳಗಿನ ಮಾತೇ. ಒಂದು ತೊಟ್ಟಿಲಲ್ಲಿ ಮಲಗುತ್ತದೆ, ಇನ್ನೊಂದು ತೊಟ್ಟಿಲಿಗೆ ದುಡಿಯುತ್ತದೆ. ಪಕ್ಕದ ಚಳ್ಳಕೆರೆಗೆ ಬಂದರೆ ಅಲ್ಲಿಯದು ಎಣ್ಣೆ ಗಿರಣಿಗಳ ಖ್ಯಾತಿ. ‘ಎಣ್ಣೆ’ಯ ಒತ್ತು ತೆಗೆದರೆ ‘ಎಣೆ’, ಅರ್ಥ ‘ಸಾಟಿ’. ಕತೆಗೆ ಒಂದು ಒತ್ತು ಸೇರಿದರೆ ಕತ್ತೆ. ಹಳಿಗೆ ಸೇರಿದರೆ ಹಳ್ಳಿ. ಇಷ್ಟು ಸಣ್ಣ ಗುರುತು ಇಷ್ಟು ದೊಡ್ಡ ಕೆಲಸ ಮಾಡುವುದನ್ನು ನಾವು ದೊಡ್ಡವರು ಗಮನಿಸುವುದೇ ಇಲ್ಲ. ಗಮನಿಸಬೇಕಾಗಿ ಬರುವುದು ಒಂದನೇ, ಎರಡನೇ ತರಗತಿಯ ಮಕ್ಕಳಿಗೆ.

ಈ ಸೀಮೆಯ ಹೆಸರುಗಳನ್ನೇ ನೋಡಿ. ಚಳ್ಳಕೆರೆಯಲ್ಲಿ ಒಂದು ಒತ್ತು, ಮೊಳಕಾಲ್ಮೂರಿನಲ್ಲಿ ಒಂದು, ಚಿತ್ರದುರ್ಗದಲ್ಲಿ ಎರಡು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಹೆಸರಿನಲ್ಲಿ ಮೂರು. ಬಸ್ಸಿನ ಬೋರ್ಡು ಓದಬೇಕೆಂದರೂ ಇಲ್ಲಿ ಒತ್ತಕ್ಷರ ಬೇಕು. ಮೂರನೇ ತರಗತಿಯ ಪರಿಸರ ಅಧ್ಯಯನದ ಪುಸ್ತಕ, ಲೆಕ್ಕದ ಪ್ರಶ್ನೆ, ಪರೀಕ್ಷೆಯ ಸೂಚನೆ ಎಲ್ಲವೂ ಮಗುವಿಗೆ ಒತ್ತು ಬರುತ್ತದೆ ಎಂದೇ ಲೆಕ್ಕ ಹಿಡಿದು ಬರೆದವು. ಕಾಗುಣಿತದವರೆಗೆ ಸಲೀಸಾಗಿ ಬಂದ ಮಗು ಇಲ್ಲಿ ನಿಂತರೆ ಕನ್ನಡ ಪಾಠ ಒಂದರಲ್ಲೇ ಅಲ್ಲ, ಎಲ್ಲ ಪಾಠಗಳಲ್ಲೂ ಹಿಂದೆ ಬೀಳುತ್ತದೆ. ‘ಓದಾಕೆ ಬರ್ತದೆ, ಒತ್ತು ಮಾತ್ರ ಬರಲ್ಲ’ ಎಂದು ತಾಯಂದಿರು ಹೇಳುವುದುಂಟು. ಕೇಳಲು ಸಣ್ಣ ದೂರು. ಆದರೆ ಒತ್ತು ಬಾರದವನಿಗೆ ಓದು ಬಂದಿದೆ ಎನ್ನುವುದು ಕಷ್ಟ.

ಬಾಯಿ ಒಂದು ಕ್ರಮ, ಕಣ್ಣು ಇನ್ನೊಂದು

ಎರಡು ವ್ಯಂಜನಗಳು ನಡುವೆ ಸ್ವರವಿಲ್ಲದೆ ಕೂಡಿದಾಗ ಒತ್ತಕ್ಷರ. ವ್ಯಾಕರಣದಲ್ಲಿ ಇದಕ್ಕೆ ಸಂಯುಕ್ತಾಕ್ಷರ ಎಂದು ಹೆಸರು. ಅದೇ ವ್ಯಂಜನ ಇಮ್ಮಡಿಸಿದರೆ ಸಜಾತೀಯ: ಅಕ್ಕ, ಹಳ್ಳಿ, ಮಗ್ಗ. ಬೇರೆ ಬೇರೆ ವ್ಯಂಜನ ಕೂಡಿದರೆ ವಿಜಾತೀಯ: ಭಕ್ತಿ, ಚಿತ್ರ, ಸೂರ್ಯ. ಕನ್ನಡದ 34 ವ್ಯಂಜನಗಳನ್ನು ಎರಡೆರಡಾಗಿ ಜೋಡಿಸಿದರೆ ಲೆಕ್ಕಕ್ಕೆ 1156 ಜೋಡಿಗಳಾಗುತ್ತವೆ. ಬಳಕೆಯಲ್ಲಿರುವುದು ಅದರಲ್ಲಿ ಕೆಲವೇ. ಹಾಗಿದ್ದರೂ ಪ್ರತಿಯೊಂದಕ್ಕೂ ಕಾಗುಣಿತ ಸೇರುವುದರಿಂದ ಮಗುವಿನ ಕಣ್ಣಿಗೆ ಬೀಳುವ ಆಕಾರಗಳು ನೂರಾರು.

ಇವುಗಳಲ್ಲಿ ಬಹುಪಾಲು ಸುಲಭ. ಅಕ್ಷರದ ತಲೆಕಟ್ಟು ತೆಗೆದು, ಸಣ್ಣದು ಮಾಡಿ, ಕೆಳಗಿಟ್ಟರೆ ಒತ್ತು ಸಿದ್ಧ. ಕ, ಗ, ಟ, ಡ, ದ, ಪ, ಬ, ಳ ಇವೆಲ್ಲ ಹಾಗೆಯೇ. ತೊಡಕು ಇರುವುದು ತ, ನ, ಮ, ಯ, ರ, ಲ ಎಂಬ ಆರರಲ್ಲಿ. ಇವುಗಳ ಒತ್ತು ಮೂಲ ಅಕ್ಷರವನ್ನು ಹೋಲುವುದಿಲ್ಲ. ದುರದೃಷ್ಟವೆಂದರೆ ಹೆಚ್ಚು ಬಳಕೆಯಲ್ಲಿರುವುದೂ ಇವೇ: ಹತ್ತು, ಅನ್ನ, ಅಮ್ಮ, ಅಯ್ಯ, ಕಲ್ಲು. ‘ರ’ದ ಒತ್ತಂತೂ ಒಂದು ಕೊಕ್ಕೆಯಷ್ಟೆ.

ಇದಕ್ಕಿಂತ ದೊಡ್ಡ ತೊಡಕು ಒಂದಿದೆ. ‘ಭಕ್ತಿ’ ಎಂದು ನಿಧಾನವಾಗಿ ಹೇಳಿ ನೋಡಿ. ‘ಕ್’ ಮೊದಲು, ‘ತ್’ ಆಮೇಲೆ, ‘ಇ’ ಕೊನೆಗೆ. ಈಗ ಬರೆದು ನೋಡಿ. ಗುಡಿಸು ‘ಕ’ದ ತಲೆಯ ಮೇಲೆ ಕೂರುತ್ತದೆ, ‘ತ’ ಕೆಳಗೆ ಹೋಗುತ್ತದೆ. ಕಣ್ಣಿಗೆ ಮೊದಲು ಕಾಣುವುದು ‘ಕಿ’, ಆಮೇಲೆ ‘ತ’. ಮಗು ‘ಭಕಿತ’ ಎಂದು ಓದಿದರೆ ಅದು ದಡ್ಡತನವಲ್ಲ. ಕಂಡದ್ದನ್ನು ಕಂಡ ಕ್ರಮದಲ್ಲೇ ಓದಿದೆ. ಬಾಯಿಯಲ್ಲಿ ಕೊನೆಗೆ ಬರುವ ಸ್ವರ ಬರಹದಲ್ಲಿ ಮೊದಲ ವ್ಯಂಜನಕ್ಕೆ ಅಂಟಿಕೊಂಡಿರುತ್ತದೆ ಎಂಬ ಗುಟ್ಟನ್ನು ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ, ಅಷ್ಟೆ.

ಅರ್ಕಾವತ್ತಿನದು ಇನ್ನೂ ವಿಚಿತ್ರ. ‘ಸೂರ್ಯ’ದಲ್ಲಿ ‘ರ್’ ಮೊದಲು ನುಡಿದು ‘ಯ’ ಆಮೇಲೆ ನುಡಿಯುತ್ತೇವೆ. ಬರೆಯುವಾಗ ‘ಯ’ ಮೊದಲು, ಒಂಬತ್ತರ ಅಂಕಿಯನ್ನು ಹೋಲುವ ಅರ್ಕಾವತ್ತು ಆಮೇಲೆ. ಹೀಗಾಗಿ ಮಕ್ಕಳ ಬಾಯಲ್ಲಿ ಸೂರ್ಯ ‘ಸೂಯ್ರ’ನಾಗುತ್ತಾನೆ. ಇಂತಹ ಹಿಂದುಮುಂದು ಮಕ್ಕಳಿಗಷ್ಟೇ ಮೀಸಲಲ್ಲ. ಇಂಗ್ಲಿಷರ ದಾಖಲೆಗಳಲ್ಲಿ ಚಿತ್ರದುರ್ಗ ‘ಚಿತಲ್‌ದ್ರುಗ್’ ಆಗಿತ್ತು. ‘ದುರ್ಗ’ದ ‘ರ್’ ಒಂದು ಹೆಜ್ಜೆ ಮುಂದೆ ಹಾರಿ ‘ದ್ರುಗ್’ ಆಗಿ ಕೂತಿತ್ತು. ಇಡೀ ಜಿಲ್ಲೆಯ ಹೆಸರೇ ಸರ್ಕಾರಿ ಕಾಗದದಲ್ಲಿ ಹಾಗೆ ನಡೆದುಹೋಯಿತು.

ಸ್ವಾರಸ್ಯವೆಂದರೆ ಕಂಪ್ಯೂಟರು ಮತ್ತು ಮೊಬೈಲು ಈ ವಿಷಯದಲ್ಲಿ ಬಾಯಿಯ ಪಕ್ಷ. ‘ಕ್ತಿ’ ಮೂಡಬೇಕಾದರೆ ಕ, ಕೂಡಿಸುವ ಗುರುತು, ತ, ಗುಡಿಸು ಎಂಬ ಕ್ರಮದಲ್ಲೇ ಕೀಲಿ ಒತ್ತಬೇಕು. ಯಂತ್ರ ಉಚ್ಚಾರದ ಕ್ರಮದಲ್ಲಿ ನೆನಪಿಟ್ಟುಕೊಂಡು ಕಣ್ಣಿನ ಕ್ರಮದಲ್ಲಿ ಬಿಡಿಸಿ ತೋರಿಸುತ್ತದೆ. ಮಗು ಕಲಿಯಬೇಕಾದದ್ದೂ ಇದನ್ನೇ.

ನಾಲಿಗೆಗೆ ಮೊದಲೇ ಬಂದ ಒತ್ತು

ಶಾಲೆಗಳಲ್ಲಿ ಒತ್ತಕ್ಷರ ಎಂಬುದು ಸಾಮಾನ್ಯವಾಗಿ ಒಂದೇ ಪಾಠ. ಬಾಯಿಯ ಲೆಕ್ಕದಲ್ಲಿ ಅದು ಒಂದಲ್ಲ.

ಸಜಾತೀಯ ಒತ್ತನ್ನು ಮಗು ಶಾಲೆಗೆ ಬರುವ ಮುನ್ನವೇ ಕಲಿತಿರುತ್ತದೆ. ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜ, ಅಜ್ಜಿ, ಅತ್ತೆ, ಚಿಕ್ಕಪ್ಪ, ದೊಡ್ಡಮ್ಮ: ಕನ್ನಡದ ನೆಂಟಸ್ತನವೆಲ್ಲ ಒತ್ತಿನ ಮೇಲೆ ನಿಂತಿದೆ. ಅನ್ನ, ಮುದ್ದೆ, ರೊಟ್ಟಿ, ಉಪ್ಪು, ಬೆಲ್ಲ, ಬೆಣ್ಣೆ: ಅಡುಗೆಮನೆಯೂ ಹಾಗೆಯೇ. ಎಮ್ಮೆ, ಎತ್ತು, ಬೆಕ್ಕು, ಹಳ್ಳ, ಕಲ್ಲು, ಮುಳ್ಳು: ಹಿತ್ತಲೂ ಹೊಲವೂ ಬೇರೆಯಲ್ಲ. ಇಲ್ಲಿ ನಾಲಿಗೆಗೆ ಹೊಸದಾಗಿ ಏನನ್ನೂ ಕಲಿಸಬೇಕಿಲ್ಲ. ಗೊತ್ತಿರುವ ಉಲಿಗೆ ಆಕಾರ ತೋರಿಸಿದರೆ ಸಾಕು.

ಗಡಿಸೀಮೆಯ ಈ ಎರಡು ತಾಲ್ಲೂಕುಗಳಲ್ಲಿ ಇನ್ನೊಂದು ಮಾತನ್ನು ಸೇರಿಸಬೇಕು. ಆಂಧ್ರದ ಅನಂತಪುರ ಸೀಮೆಗೆ ಅಂಟಿಕೊಂಡ ಇಲ್ಲಿನ ಎಷ್ಟೋ ಹಟ್ಟಿಗಳಲ್ಲಿ ಮನೆಮಾತು ತೆಲುಗು. ಮ್ಯಾಸಬೇಡರ ಅನೇಕ ಕುಟುಂಬಗಳು ತೆಲುಗನ್ನೇ ಆಡುತ್ತವೆ. ಆ ಮಕ್ಕಳಿಗೆ ಶಾಲೆಯ ಕನ್ನಡ ಎರಡನೆಯ ಭಾಷೆ. ಹಾಗೆಂದು ಒತ್ತು ಅವರಿಗೆ ಪರಕೀಯವಲ್ಲ. ಅಮ್ಮ, ಅಕ್ಕ, ಉಪ್ಪು ಎರಡು ಭಾಷೆಗೂ ಒಂದೇ. ಮನೆ ಅವರಿಗೆ ‘ಇಲ್ಲು’, ಮರ ‘ಚೆಟ್ಟು’, ಬೆಕ್ಕು ‘ಪಿಲ್ಲಿ’, ನಾಯಿ ‘ಕುಕ್ಕ’. ನಾಯಿಗೆ ಕನ್ನಡದಲ್ಲಿ ಇಲ್ಲದ ಒತ್ತು ತೆಲುಗಿನಲ್ಲಿದೆ! ತೆಲುಗು ಲಿಪಿಯಲ್ಲೂ ಒತ್ತು ಅಕ್ಷರದ ಕೆಳಗೇ ಬರುತ್ತದೆ. ಕುಕ್ಕ, ಪಿಲ್ಲಿಗಳನ್ನು ಕನ್ನಡ ಅಕ್ಷರದಲ್ಲಿ ಬರೆದು ತೋರಿಸುವ ಶಿಕ್ಷಕರು ಆ ಮಗುವಿನ ಅರ್ಧ ದಾರಿಯನ್ನು ಸವೆಸಿದಂತೆ. ಒಂದು ಎಚ್ಚರಿಕೆ ಮಾತ್ರ ಬೇಕು: ತೆಲುಗಿನಲ್ಲಿ ಅಣ್ಣನನ್ನು ಕರೆಯುವುದು ‘ಅನ್ನ’ ಎಂದು. ಕನ್ನಡದಲ್ಲಿ ಅದು ತಟ್ಟೆಯಲ್ಲಿರುತ್ತದೆ.

ನಾಲಿಗೆ ಒಲ್ಲದ ಒತ್ತು

ವಿಜಾತೀಯ ಒತ್ತಿನ ಕತೆ ಬೇರೆ. ಇದರಲ್ಲೂ ಎರಡು ಬಗೆ. ಪದದ ನಡುವೆ ಬರುವ ಕೆಲವು ನಾಲಿಗೆಗೆ ಪರಿಚಿತ. ಅಷ್ಟು, ಇಷ್ಟು, ಎಷ್ಟು ಎನ್ನದ ಮಗುವಿಲ್ಲ. ‘ಬರ್ತಾನೆ’, ‘ಹೇಳ್ತೀನಿ’ ಎನ್ನುವಾಗ ನಡುವಿನ ಸ್ವರ ಬಿದ್ದು ಎರಡು ವ್ಯಂಜನ ಕೂಡುತ್ತವೆ. ‘ಮೇಷ್ಟ್ರು’ ಎಂಬಲ್ಲಂತೂ ಮೂರು ವ್ಯಂಜನಗಳಿವೆ. ಉಕ್ತಲೇಖನದಲ್ಲಿ ‘ರಾಷ್ಟ್ರ’ ಬರೆಯಲು ತಿಣುಕುವ ಹುಡುಗನೇ ಮೇಷ್ಟ್ರನ್ನು ದಿನಕ್ಕೆ ಹತ್ತು ಸಲ ಲೀಲಾಜಾಲವಾಗಿ ಕರೆಯುತ್ತಾನೆ.

ಕಷ್ಟವಿರುವುದು ಪದದ ಮೊದಲಲ್ಲೇ ಬರುವ ಒತ್ತಿನಲ್ಲಿ. ಪ್ರಾಣ, ಸ್ನಾನ, ಕ್ಷಮೆ, ಬ್ರಹ್ಮ, ಸ್ಕೂಲು. ಅಚ್ಚಗನ್ನಡ ಪದಗಳು ಒತ್ತಕ್ಷರದಿಂದ ಆರಂಭವಾಗುವುದಿಲ್ಲ. ಇಂತಹ ಪದಗಳು ಸಂಸ್ಕೃತದಿಂದಲೋ ಇಂಗ್ಲಿಷಿನಿಂದಲೋ ಬಂದವು. ಆದ್ದರಿಂದ ನಾಲಿಗೆ ತನಗೆ ತಿಳಿದ ಉಪಾಯ ಹುಡುಕುತ್ತದೆ. ನಡುವೆ ಸ್ವರ ತುರುಕುವುದು ಒಂದು: ಪ್ರೀತಿ ‘ಪಿರೀತಿ’ಯಾಗುತ್ತದೆ. ಮುಂದೆ ಸ್ವರ ಇಡುವುದು ಇನ್ನೊಂದು: ಸ್ಕೂಲು ‘ಇಸ್ಕೂಲು’ ಆಗುತ್ತದೆ. ಒಂದು ವ್ಯಂಜನ ಬಿಡುವುದು ಮೂರನೆಯದು: ಸ್ನೇಹ ‘ನೇಹ’ವಾಗುತ್ತದೆ. ಎರಡನ್ನೂ ಒಂದೇ ಮಾಡಿಬಿಡುವುದು ನಾಲ್ಕನೆಯದು. ಪದದ ನಡುವೆ ಇದು ಹೆಚ್ಚು: ಅಕ್ಷರ ‘ಅಕ್ಕರ’ವಾಗುತ್ತದೆ.

ಇವುಗಳನ್ನು ಹಳ್ಳಿಗರ ಅಶುದ್ಧ ಮಾತು ಎಂದು ಪೇಟೆಯವರು ನಗುವುದುಂಟು. ನಗುವ ಮುನ್ನ ಕೇಶಿರಾಜನನ್ನು ನೆನೆಯಬೇಕು. 13ನೇ ಶತಮಾನದಲ್ಲಿ ಆತ ಬರೆದ ‘ಶಬ್ದಮಣಿದರ್ಪಣ’ದಲ್ಲಿ ಅಪಭ್ರಂಶ ಪ್ರಕರಣವೆಂಬ ಒಂದು ಅಧ್ಯಾಯವೇ ಈ ಬಗೆಯ ಮಾರ್ಪಾಟುಗಳಿಗೆ ಮೀಸಲು. ಶ್ರೀ ಸಿರಿಯಾದದ್ದು, ವರ್ಷ ವರುಷವಾದದ್ದು, ವಿದ್ಯೆ ಬಿಜ್ಜೆಯಾದದ್ದು, ಪುಸ್ತಕ ಹೊತ್ತಗೆಯಾದದ್ದು, ಬ್ರಹ್ಮ ಬೊಮ್ಮನಾದದ್ದು ಎಲ್ಲವೂ ಇದೇ ದಾರಿಯಲ್ಲಿ. ತದ್ಭವವೆಂದು ಪಾಠದಲ್ಲಿ ಅಂಕಕ್ಕಾಗಿ ಬರೆಯುವ ಪಟ್ಟಿಯೂ, ತಪ್ಪೆಂದು ಮಗುವಿನ ಸ್ಲೇಟಿನ ಮೇಲೆ ಅಡ್ಡಗೆರೆ ಎಳೆಸಿಕೊಳ್ಳುವ ಪಟ್ಟಿಯೂ ಒಂದೇ ನಾಲಿಗೆಯ ಮಕ್ಕಳು. ನಮ್ಮದಷ್ಟೇ ಅಲ್ಲ, ಸ್ಪೇನಿನವರೂ ಶಾಲೆಗೆ ‘ಎಸ್ಕುವೇಲಾ’ ಎನ್ನುತ್ತಾರೆ. ‘ಸ್ಕ’ದಿಂದ ಪದ ಆರಂಭಿಸಲು ಒಲ್ಲದ ಅವರ ನಾಲಿಗೆ ಮುಂದೊಂದು ‘ಎ’ ಇಟ್ಟುಕೊಂಡಿತು. ಅಲ್ಲಿ ಅದೇ ಶುದ್ಧ ಭಾಷೆ.

ಬ್ರಹ್ಮಗಿರಿಯ ಬಂಡೆ ಹೇಳುವುದು

ಈ ಕತೆಗೆ ಕೇಶಿರಾಜನಿಗಿಂತ ಹದಿನೈದು ಶತಮಾನಗಳಷ್ಟು ಹಳೆಯ ಸಾಕ್ಷಿ ಮೊಳಕಾಲ್ಮೂರು ತಾಲ್ಲೂಕಿನಲ್ಲೇ ಇದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರು ಕಡೆ ಅಶೋಕನ ಕಿರು ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಇವುಗಳನ್ನು ಬೆಳಕಿಗೆ ತಂದರು. ಕಾಲ ಕ್ರಿ.ಪೂ. 3ನೇ ಶತಮಾನ, ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಇಂದಿನ ಕನ್ನಡ ಲಿಪಿಗೆ ಬೇರು ಆ ಬ್ರಾಹ್ಮಿಯೇ. ಎರಡು ವ್ಯಂಜನ ಕೂಡಿದಾಗ ಎರಡನೆಯದನ್ನು ಮೊದಲನೆಯದರ ಕೆಳಗಿಡುವ ಪದ್ಧತಿಯೂ ಅಲ್ಲಿಂದಲೇ ಬಂದದ್ದು. ಮಗು ಇಂದು ಸ್ಲೇಟಿನ ಮೇಲೆ ಮಾಡುವ ಕೆಲಸವನ್ನು ಚಪಡ ಎಂಬ ಲಿಪಿಕಾರ ಅಂದು ಬ್ರಹ್ಮಗಿರಿಯ ಶಾಸನಕ್ಕಾಗಿ ಮಾಡಿದ್ದ. ಶಾಸನದ ಕೊನೆಯಲ್ಲಿ ಅವನ ಹೆಸರಿದೆ. ‘ಲಿಪಿಕಾರ’ ಎಂಬರ್ಥದ ಪದವನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆಯಲಾಗಿದೆ.

ತಂದೆತಾಯಿಯರ ಮಾತು ಕೇಳಬೇಕು, ಜೀವಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಎಂಬುದು ಆ ಶಾಸನದ ಒಂದು ಭಾಗದ ತಾತ್ಪರ್ಯ. ಅದರ ಕಾಗುಣಿತವನ್ನು ಗಮನಿಸಿ. ‘ಆಚಾರ್ಯ’ ಎಂಬುದರ ಒತ್ತು ಬಿಡಿಸಿಕೊಂಡು ‘ಆಚರಿಯ’ ಆಗಿದೆ. ‘ಆರೋಗ್ಯ’ ‘ಆರೋಗಿಯ’ ಆಗಿದೆ. ನಡುವೆ ಸ್ವರ ತುರುಕುವ ಅದೇ ಉಪಾಯ! ‘ಸತ್ಯ’ ಪ್ರಾಕೃತದಲ್ಲಿ ‘ಸಚ್ಚ’. ಆದರೆ ಬಂಡೆಯ ಮೇಲಿರುವುದು ಬರಿಯ ‘ಸಚ’. ಆ ಕಾಲದ ಬರಹದಲ್ಲಿ ಇಮ್ಮಡಿ ವ್ಯಂಜನವನ್ನು ಒಂದೇ ಅಕ್ಷರದಲ್ಲಿ ಬರೆಯುವುದು ವಾಡಿಕೆ; ಒತ್ತಿ ಓದಿಕೊಳ್ಳುವ ಹೊಣೆ ಓದುಗನದು. ನಮ್ಮ ಮಗು ‘ಹಳ್ಳಿ’ಗೆ ‘ಹಳಿ’ ಎಂದು ಬರೆದಂತೆಯೇ.

ಹಾಗಾದರೆ ಅಂದಿನವರಿಗೆ ಒತ್ತು ಬರೆಯಲು ಬರುತ್ತಿರಲಿಲ್ಲವೇ? ಬರುತ್ತಿತ್ತು. ಅದೇ ಶಾಸನದಲ್ಲಿ ‘ಪ್ರಾಣ’ದ ‘ಪ್ರ’ ಸ್ಪಷ್ಟವಾಗಿದೆ. ‘ಮಾಡತಕ್ಕದ್ದು’ ಎಂಬರ್ಥ ಕೊಡುವ ಪದದ ತುದಿ ಒಂದು ಕಡೆ ಒತ್ತು ಸಹಿತ ‘ವ್ಯ’ ಎಂದಿದ್ದರೆ, ಅದರ ಬೆನ್ನಿಗೇ ಇನ್ನೊಂದು ಪದದಲ್ಲಿ ‘ವಿಯ’ ಎಂದಿದೆ. ಒಬ್ಬನೇ ಬರೆದ ಬರಹದಲ್ಲಿ ಎರಡು ರೂಪ ಒಟ್ಟಿಗೇ ಬಾಳಿವೆ. ಇದು ಚಪಡನ ಅಜ್ಞಾನವೆಂದು ಯಾವ ವಿದ್ವಾಂಸರೂ ಹೇಳುವುದಿಲ್ಲ. ಆಡುನುಡಿಯ ಉಚ್ಚಾರವೂ ಬರಹದ ವಾಡಿಕೆಯೂ ಒಂದರ ಪಕ್ಕ ಒಂದು ನಿಂತಿರುವುದಕ್ಕೆ ಇದು ಪುರಾವೆ. ಚಪಡನಿಗೆ ಸಲ್ಲುವ ಈ ವಿವೇಚನೆ ಏಳು ವರ್ಷದ ಮಗುವಿಗೂ ಸಲ್ಲಬೇಕು.

ಮುಂದೆ ಭಾರತದ ಲಿಪಿಗಳು ಬೇರೆ ಬೇರೆ ದಾರಿ ಹಿಡಿದವು. ತಮಿಳು ಒತ್ತನ್ನು ಬಿಟ್ಟು, ಸ್ವರವಿಲ್ಲದ ಅಕ್ಷರದ ತಲೆಯ ಮೇಲೆ ಚುಕ್ಕೆ ಇಟ್ಟು, ಅಕ್ಷರಗಳನ್ನು ಸಾಲಾಗಿ ಬರೆಯಿತು. ದೇವನಾಗರಿ ಅರ್ಧ ಅಕ್ಷರವನ್ನು ಪಕ್ಕದಲ್ಲಿ ಬೆಸೆಯಿತು. ಕನ್ನಡ, ತೆಲುಗುಗಳು ಬ್ರಾಹ್ಮಿಯಂತೆ ಕೆಳಗಿಡುವುದನ್ನೇ ಉಳಿಸಿಕೊಂಡವು.

ಕಲಿಸುವ ದಾರಿ

ಹಳೆಯ ಕೂಲಿಮಠದ ಕ್ರಮದಲ್ಲಿ ಮರಳಿನ ಮೇಲೆ ಅಕ್ಷರ ತಿದ್ದಿ, ಕಾಗುಣಿತ ಬಾಯಿಪಾಠ ಮಾಡಿ, ಕೊನೆಗೆ ‘ಕ’ಕ್ಕೆ ‘ಕ’ ಒತ್ತು ‘ಕ್ಕ’ ಎಂದು ರಾಗವಾಗಿ ಹೇಳಿಸುತ್ತಿದ್ದರು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ‘ನಲಿ ಕಲಿ’ ಈ ಕ್ರಮವನ್ನು ತಿರುಗಿಸಿತು. 2009-10ರಲ್ಲಿ ಅದು ರಾಜ್ಯದಾದ್ಯಂತ ಸರ್ಕಾರಿ ಶಾಲೆಗಳ ಕೆಳ ತರಗತಿಗಳಿಗೆ ಬಂತು. ಅಲ್ಲಿ ಅ, ಆ, ಇ, ಈ ಎಂಬ ಸರಣಿಯಿಲ್ಲ. ರ, ಗ, ಸ, ದ, ಅ ಎಂಬ ಐದರಿಂದ ಆರಂಭಿಸಿ, ಕಲಿತ ಅಕ್ಷರಗಳಿಂದಲೇ ‘ಅರಸ’, ‘ಸರ’ ಮುಂತಾದ ಪದ ಕಟ್ಟುತ್ತಾರೆ. ಮಗು ತನ್ನ ವೇಗದಲ್ಲಿ ಕಲಿಕೆಯ ಏಣಿಯನ್ನು ಏರಬಹುದು.

ಆದರೂ ಏಣಿಯ ಒತ್ತಕ್ಷರದ ಮೆಟ್ಟಿಲು ಎತ್ತರದ್ದೇ. ಕನ್ನಡ ಓದಲು ಕಲಿಯುವ ಮಕ್ಕಳ ಬಗ್ಗೆ ಮನೋವಿಜ್ಞಾನಿ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಕ್ಷರಗಳ ಪೂರ್ಣ ಪರಿಚಯ ಮೊದಲ ಒಂದೆರಡು ವರ್ಷಗಳಲ್ಲಿ ಮುಗಿಯುವುದಿಲ್ಲ. ನಾಲ್ಕನೇ ತರಗತಿಯವರೆಗೂ ನಡೆಯುತ್ತಲೇ ಇರುತ್ತದೆ. ಇಂಗ್ಲಿಷಿನ 26 ಅಕ್ಷರಗಳ ಕಲಿಕೆಗೆ ಹಿಡಿಯುವ ಸಮಯದ ಅಳತೆಗೋಲನ್ನು ಕನ್ನಡಕ್ಕೆ ಹಿಡಿಯುವಂತಿಲ್ಲ ಎಂದಾಯಿತು. ಎರಡನೇ ತರಗತಿಯಲ್ಲಿ ಒತ್ತು ತಪ್ಪುವ ಮಗು ಹಿಂದುಳಿದದ್ದಲ್ಲ, ದಾರಿಯಲ್ಲಿದೆ. ಆ ದಾರಿಯಲ್ಲಿ ಕೈಹಿಡಿಯುವವರಿಲ್ಲದೆ ಮೂರನೇ ತರಗತಿಗೆ ಹೋದಾಗ ಮಾತ್ರ ನಿಜವಾಗಿ ಹಿಂದುಳಿಯುತ್ತದೆ.

ಕೈಹಿಡಿಯಲು ದೊಡ್ಡ ಸಲಕರಣೆ ಬೇಕಿಲ್ಲ, ಕ್ರಮ ಬೇಕು. ಮೊದಲು ನೆಂಟರ ಹೆಸರು, ತಿನಿಸಿನ ಹೆಸರುಗಳಲ್ಲಿರುವ ಸಜಾತೀಯ ಒತ್ತು. ಕತೆ-ಕತ್ತೆ, ಬಳಿ-ಬಳ್ಳಿ, ಮಗ-ಮಗ್ಗ ಎಂಬ ಜೋಡಿಗಳನ್ನು ಹೇಳಿಸಿ, ಒತ್ತು ಬಂದಾಗ ಚಪ್ಪಾಳೆ ತಟ್ಟಿಸಿದರೆ ಕಿವಿ ಚುರುಕಾಗುತ್ತದೆ. ಬಾಯಿಯಲ್ಲಿ ‘ಅಕ್-ಕ’ ಎಂದು ಒಡೆಯುವ ಪದ ಬರಹದಲ್ಲಿ ‘ಅ-ಕ್ಕ’ ಎಂದು ಒಡೆಯುತ್ತದೆ ಎಂಬುದನ್ನು ಆಗಲೇ ತೋರಿಸಬಹುದು. ತ, ನ, ಮ, ಯ, ರ, ಲ ಆರನ್ನು ಬೇರೆಯಾಗಿ, ನಿಧಾನವಾಗಿ ಪರಿಚಯಿಸಬೇಕು. ಆಮೇಲೆ ಅಷ್ಟು, ಎಷ್ಟು, ಮೇಷ್ಟ್ರು ಮುಂತಾದ, ಬಾಯಿಗೆ ಬರುವ ವಿಜಾತೀಯ ಒತ್ತು. ಪ್ರಾಣ, ಸ್ನಾನಗಳು ಕೊನೆಗೆ. ಅವನ್ನು ಬರೆಸುವ ಮೊದಲು ಹೇಳಿಸಬೇಕು. ನಾಲಿಗೆಯಲ್ಲಿ ‘ಪಿರಾಣ’ವಿರುವಾಗ ಕೈಯಲ್ಲಿ ‘ಪ್ರಾಣ’ ನಿಲ್ಲುವುದಿಲ್ಲ. ಹೇಳಿಸುವಾಗಲೂ ಮನೆಯ ಮಾತನ್ನು ತಪ್ಪೆಂದು ಜರೆಯಬೇಕಿಲ್ಲ. ಮನೆಯಲ್ಲಿ ಹೀಗೆ, ಪುಸ್ತಕದಲ್ಲಿ ಹಾಗೆ ಎಂದರೆ ಮಗುವಿಗೆ ಅರ್ಥವಾಗುತ್ತದೆ. ಎರಡು ಭಾಷೆಯ ನಡುವೆ ದಿನವೂ ಓಡಾಡುವ ಗಡಿಸೀಮೆಯ ಮಕ್ಕಳಿಗಂತೂ ಇದು ಹೊಸದಲ್ಲ.

ಈ ಸೀಮೆಯಲ್ಲಿ ತಿಪ್ಪೇಸ್ವಾಮಿ, ತಿಪ್ಪಮ್ಮ, ಬೋರಯ್ಯ, ಓಬಯ್ಯ ಎಂಬ ಹೆಸರುಗಳು ಊರೂರಿಗೆ ಸಿಗುತ್ತವೆ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಒಂದು ಒತ್ತು ಬಿದ್ದರೆ ಅದು ಅಂಕಪಟ್ಟಿಗೆ, ಗುರುತಿನ ಚೀಟಿಗೆ, ಪಹಣಿಗೆ ಹರಿದು, ತಿದ್ದಿಸಲು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ. ತನ್ನ ಹೆಸರಿನ ಒತ್ತನ್ನು ತಾನೇ ಬರೆಯಬಲ್ಲ ಮಗು ನಾಳೆ ಅದು ತಪ್ಪಿದಾಗ ‘ಇಲ್ಲೊಂದು ಒತ್ತು ಬಿಟ್ಟಿದೆ’ ಎಂದು ಬೆರಳಿಟ್ಟು ತೋರಿಸಬಲ್ಲದು. ಬರೆಯಲಾರದ್ದು ಕೊಟ್ಟ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಬರುತ್ತದೆ.